ಸರಿಯುತ್ತರ ಯಾರು ಹೇಳಬೇಕು? ಅಡಾಪ್ಟಿವ್ ಈಕ್ವಲೈಸರ್ ಬೆಳೆದ ದಾರಿ

ಟೆಲಿಫೋನ್ ತಂತಿ ಎಳೆದದ್ದು ಮಾತಿಗಾಗಿ. ಸುಮಾರು 300ರಿಂದ 3400 ಹರ್ಟ್ಸ್ ವರೆಗಿನ ಧ್ವನಿ ದಾಟಿದರೆ ಸಾಕಿತ್ತು. ಕೆಲವು ಕಂಪನಾಂಕಗಳು ಒಂದೆರಡು ಮಿಲಿಸೆಕೆಂಡ್ ತಡವಾಗಿ ತಲುಪಿದರೂ ಕಿವಿಗೆ ತಿಳಿಯುತ್ತಿರಲಿಲ್ಲ. ಅದೇ ತಂತಿಯಲ್ಲಿ ಕಂಪ್ಯೂಟರಿನ ಬಿಟ್‌ಗಳನ್ನು ಕಳಿಸಲು ಹೊರಟಾಗ ಮಾತ್ರ ತೊಡಕು ಎದ್ದು ಕಂಡಿತು. ದೊಡ್ಡ ಕಲ್ಯಾಣ ಮಂಟಪದಲ್ಲಿ ಮೈಕಿನ ಮಾತು ಗೋಡೆಗೆ ಬಡಿದು ಮುಂದಿನ ಮಾತಿನ ಮೇಲೆ ಬೀಳುವ ಹಾಗೆ, ಪ್ರತಿ ಪಲ್ಸ್‌ನ ಬಾಲವೂ ಮುಂದಿನ ಪಲ್ಸ್‌ಗಳ ಮೇಲೆ ಬೀಳುತ್ತಿತ್ತು. ಬಾಲ ಬೀಳದಿರಲು ಪಲ್ಸ್‌ನ ಆಕಾರ ಹೇಗಿರಬೇಕೆಂದು ಹ್ಯಾರಿ ನೈಕ್ವಿಸ್ಟ್ 1928ರಲ್ಲೇ ಹೇಳಿದ್ದರು. ಆದರೆ ಡಯಲ್ ಮಾಡಿದ ಪ್ರತಿ ಕರೆಯೂ ಬೇರೆ ದಾರಿ ಹಿಡಿಯುವಾಗ ಆ ಆಕಾರವನ್ನು ಮೊದಲೇ ಕೆತ್ತಿಡುವುದು ಹೇಗೆ?

ದಾರಿ ತೋರಿಸಿದವರು ಬೆಲ್ ಲ್ಯಾಬ್ಸ್‌ನ ರಾಬರ್ಟ್ ಲಕ್ಕಿ. ಬಂದ ಸಂಕೇತವನ್ನು ಸಮಾನ ಅಂತರದಲ್ಲಿ ತಡಮಾಡಿ, ಪ್ರತಿ ಹಂತದಲ್ಲಿ ಒಂದು ಗುಣಾಂಕದಿಂದ ಗುಣಿಸಿ ಕೂಡಿಸುವ ಫಿಲ್ಟರ್, ಅಂದರೆ ಈಕ್ವಲೈಸರ್, ಆಗಲೇ ಇತ್ತು. 1965ರಲ್ಲಿ ಲಕ್ಕಿ ಆ ಗುಣಾಂಕಗಳು ತಾವಾಗಿಯೇ ಹೊಂದಿಕೊಳ್ಳುವಂತೆ ಮಾಡಿದರು. ದತ್ತಾಂಶಕ್ಕೆ ಮೊದಲು ಪರೀಕ್ಷಾ ಪಲ್ಸ್‌ಗಳು ಬರುತ್ತವೆ. ಉಳಿದ ಬಾಲದ ಚಿಹ್ನೆ ಧನವೋ ಋಣವೋ ನೋಡಿ ಆಯಾ ಗುಣಾಂಕವನ್ನು ಒಂದು ಹೆಜ್ಜೆ ಸರಿಸುವುದು. ಮರುವರ್ಷ ಅವರು ಇಟ್ಟ ಹೆಜ್ಜೆ ನನ್ನ ಪ್ರಕಾರ ಈ ಕ್ಷೇತ್ರದ ಅತ್ಯಂತ ದಿಟ್ಟ ಹೆಜ್ಜೆ: ಪರೀಕ್ಷಾ ಪಲ್ಸ್‌ಗಳು ಮುಗಿದ ಮೇಲೆ ರಿಸೀವರ್ ತಾನು ಕೊಟ್ಟ ತೀರ್ಪನ್ನೇ ಸರಿಯುತ್ತರವೆಂದು ನಂಬಿ ಕಲಿಕೆ ಮುಂದುವರಿಸುವುದು. ಹತ್ತರಲ್ಲಿ ಒಂದು ತೀರ್ಪು ತಪ್ಪಿದರೂ ಉಳಿದ ಒಂಬತ್ತು ತೀರ್ಪುಗಳು ಗುಣಾಂಕಗಳನ್ನು ಸರಿಯಾದ ಕಡೆಗೇ ಎಳೆಯುತ್ತವೆ. ಅಲ್ಲಿಂದಾಚೆಗಿನ ಚರಿತ್ರೆಯನ್ನೆಲ್ಲ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಓದಬಹುದು: ಕಲಿಯುವ ರಿಸೀವರಿಗೆ ಸರಿಯುತ್ತರ ಎಲ್ಲಿಂದ ಸಿಗುತ್ತದೆ?

ಕಲಿಯುವ ಸೂತ್ರ ಬಂದದ್ದು ಬೇರೆಡೆಯಿಂದ. ಸ್ಟ್ಯಾನ್‌ಫರ್ಡ್‌ನಲ್ಲಿ ಬರ್ನಾರ್ಡ್ ವಿಡ್ರೋ ಮತ್ತು ಅವರ ವಿದ್ಯಾರ್ಥಿ ಟೆಡ್ ಹಾಫ್ 1960ರಲ್ಲಿ ಪ್ರಕಟಿಸಿದ ಎಲ್‌ಎಂಎಸ್ ವಿಧಾನ ಅಚ್ಚರಿ ಹುಟ್ಟಿಸುವಷ್ಟು ಸರಳ. ಬರಬೇಕಾದದ್ದರಿಂದ ಬಂದದ್ದನ್ನು ಕಳೆಯಿರಿ. ಆ ವ್ಯತ್ಯಾಸವನ್ನು ಆಯಾ ಹಂತದಲ್ಲಿರುವ ಮಾದರಿಯಿಂದಲೂ ಒಂದು ಚಿಕ್ಕ ಸಂಖ್ಯೆಯಿಂದಲೂ ಗುಣಿಸಿ ಹಳೆಯ ಗುಣಾಂಕಕ್ಕೆ ಕೂಡಿಸಿ. ಅಷ್ಟೇ. ಚಿಕ್ಕ ಸಂಖ್ಯೆ ದೊಡ್ಡದಾದರೆ ಫಿಲ್ಟರ್ ಹದ ತಪ್ಪುತ್ತದೆ, ತೀರಾ ಸಣ್ಣದಾದರೆ ಕಲಿಕೆ ತೆವಳುತ್ತದೆ. ಡಯಲ್-ಅಪ್ ಇಂಟರ್‌ನೆಟ್ ಬಳಸಿದವರಿಗೆ ಮೋಡೆಮ್ ಕೂಡುವಾಗಿನ ಸದ್ದು ನೆನಪಿರುತ್ತದೆ. ಅದರ ಕೊನೆಯಲ್ಲಿ ಬರುತ್ತಿದ್ದ ದೀರ್ಘ 'ಶ್‌ಶ್' ಬಹುಪಾಲು ಇಂಥ ಪಾಠವೇ. ಎರಡೂ ಕಡೆಗೆ ಮೊದಲೇ ಗೊತ್ತಿದ್ದ ಬಿಟ್‌ಗಳು ಆಗ ತಂತಿಯಲ್ಲಿ ಹರಿಯುತ್ತಿದ್ದವು. 1960ರ ದಶಕದ ಬೆಲ್ 103 ಮೋಡೆಮ್‌ನ ವೇಗ ಸೆಕೆಂಡಿಗೆ 300 ಬಿಟ್, 1994ರ ವಿ.34ರದ್ದು 28,800.

ತಂತಿ ಸೊರಗುವ ಕಂಪನಾಂಕವನ್ನು ಫಿಲ್ಟರ್ ಎತ್ತಿದರೆ ಅಲ್ಲಿನ ಗದ್ದಲವೂ ಏಳುತ್ತದೆ. ಇದನ್ನು ತಪ್ಪಿಸಲು, ಈಗಾಗಲೇ ಗುರುತಿಸಿದ ಬಿಟ್‌ಗಳ ಬಾಲವನ್ನು ಲೆಕ್ಕ ಹಾಕಿ ಕಳೆದುಬಿಡುವ ಉಪಾಯವನ್ನು 1967ರಲ್ಲಿ ಆಸ್ಟಿನ್ ಎಂಬ ಸಂಶೋಧಕರು ಮುಂದಿಟ್ಟರು. ಡೇವಿಡ್ ಫಾರ್ನಿ 1972ರಲ್ಲಿ ಇನ್ನೂ ಆಳಕ್ಕೆ ಹೋದರು: ಚಾನೆಲ್, ಅಂದರೆ ಸಂಕೇತ ಸಾಗುವ ದಾರಿ, ಮಾಡಿದ್ದನ್ನು ಅಳಿಸುವ ಗೋಜೇ ಬೇಡ, ಅದು ಏನು ಮಾಡುತ್ತದೆಂದು ಅರಿತು, ಬಂದ ಸಂಕೇತವನ್ನು ಯಾವ ಬಿಟ್ ಸರಣಿ ಹುಟ್ಟಿಸಿರಬಹುದೆಂದು ವಿಟರ್ಬಿ ವಿಧಾನದಿಂದ ಹುಡುಕಿ.

ಫಾರ್ನಿ ಅವರ ವಿಚಾರ ಜನರ ಜೇಬಿಗೆ ಬಂದದ್ದು ಜಿಎಸ್‌ಎಂ ಮೊಬೈಲ್‌ಗಳ ಮೂಲಕ. ಅಲ್ಲಿ ಒಂದು ಬಿಟ್‌ನ ಅವಧಿ 3.69 ಮೈಕ್ರೋಸೆಕೆಂಡ್. ಬೆಟ್ಟಕ್ಕೆ ಬಡಿದು ಸುಮಾರು 5 ಕಿಲೋಮೀಟರ್ ಹೆಚ್ಚು ಸುತ್ತಿದ ಅಲೆ 16 ಮೈಕ್ರೋಸೆಕೆಂಡ್ ತಡವಾಗಿ, ಅಂದರೆ ನಾಲ್ಕಕ್ಕೂ ಹೆಚ್ಚು ಬಿಟ್‌ಗಳ ಹಿಂದೆ ಬರುತ್ತದೆ. ಅದಕ್ಕೇ 148 ಬಿಟ್‌ಗಳ ಪ್ರತಿ ಕಂತಿನ ನಡುವೆ ಫೋನಿಗೆ ಮೊದಲೇ ಗೊತ್ತಿರುವ 26 ಬಿಟ್‌ಗಳನ್ನು ಇಟ್ಟಿದ್ದಾರೆ. ನಡುವೆಯೇ ಏಕೆ? ಓಡುವ ಬಸ್ಸಿನಲ್ಲಿ ಕಂತಿನ ಆರಂಭದಿಂದ ಅಂತ್ಯದೊಳಗೂ ಚಾನೆಲ್ ಬದಲಾಗಬಹುದು. ನಡುವೆ ಕಲಿತದ್ದು ಎರಡೂ ತುದಿಗೆ ಹತ್ತಿರ. ಅರ್ಧ ಮಿಲಿಸೆಕೆಂಡ್ ದಾಟಿದೊಡನೆ ಮುಗಿಯುವ ಕಂತಿನಲ್ಲಿ ಇಷ್ಟು ಅಕ್ಕರೆಯ ಯೋಚನೆ ಅಡಗಿದೆ.

4ಜಿ ಬರುವ ಹೊತ್ತಿಗೆ ಒಎಫ್‌ಡಿಎಂ ಎಂಬ ವಿಧಾನ ಗೆದ್ದಿತ್ತು. ವೇಗದ ಒಂದು ಹೊಳೆಯ ಬದಲು 15 ಕಿಲೋಹರ್ಟ್ಸ್ ಅಂತರದ ನೂರಾರು ನಿಧಾನದ ತೊರೆಗಳು. ಪ್ರತಿ ತೊರೆಗೂ ಒಂದೇ ಗುಣಾಂಕ ಸಾಕು. ಇದರಿಂದ ಈಕ್ವಲೈಸರ್ ಕಾಲ ಮುಗಿಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಲೆಕ್ಕ ಅಗ್ಗವಾಯಿತು, ಕೆಲಸ ಹಾಗೆಯೇ ಉಳಿಯಿತು.

ಗೊತ್ತಿರುವ ಬಿಟ್‌ಗಳೇ ಬರದಿದ್ದರೆ? 1975ರಲ್ಲಿ ಜಪಾನಿನ ಸಾಟೊ ಮೊದಲ ಉತ್ತರ ಕೊಟ್ಟರು, 1980ರಲ್ಲಿ ಐಬಿಎಂನ ಫ್ರಾನ್ಸ್ ಕೇಂದ್ರದ ಡೊಮಿನಿಕ್ ಗೊಡಾರ್ ಅದನ್ನು ಹಿಗ್ಗಿಸಿದರು. ಒಂದು ಮುಖ್ಯ ಕಂಪ್ಯೂಟರಿಗೆ ಹಲವು ಟರ್ಮಿನಲ್‌ಗಳು ಕೂಡಿದ್ದಾಗ ಒಂದರ ಸಂಪರ್ಕ ಕಡಿದರೆ, ಅದೊಂದಕ್ಕಾಗಿ ಎಲ್ಲರ ಕೆಲಸ ನಿಲ್ಲಿಸಿ ಪಾಠ ಹೇಳಬೇಕಾಗುತ್ತಿತ್ತು. ಗೊಡಾರ್ ವಿಧಾನದಲ್ಲಿ ರಿಸೀವರಿಗೆ ಬಿಟ್‌ಗಳು ತಿಳಿದಿರಬೇಕಿಲ್ಲ. ಸಂಕೇತದ ಪ್ರಬಲತೆ ಒಂದು ಸ್ಥಿರ ಮಟ್ಟದಿಂದ ಎಷ್ಟು ಸರಿದಿದೆ ಎಂಬುದೇ ತಿದ್ದುವ ಅಳತೆ.

ಈ ವಿಧಾನಕ್ಕೆ ಎರಡನೆಯ ಬದುಕು ಸಿಕ್ಕಿದ್ದು ಗಾಜಿನ ಎಳೆಯಲ್ಲಿ. 2008ರ ಸುಮಾರಿಗೆ ಮಾರುಕಟ್ಟೆಗೆ ಬಂದ 40 ಗಿಗಾಬಿಟ್‌ನ ಕೋಹೆರೆಂಟ್ ಆಪ್ಟಿಕಲ್ ರಿಸೀವರ್‌ಗಳ ಪೀಳಿಗೆಯಲ್ಲಿ, ಬೆಳಕಿನ ಎರಡು ಧ್ರುವೀಕರಣಗಳ ಮೇಲೆ ಎರಡು ಹೊಳೆಗಳು ಬರುತ್ತವೆ. ಎಳೆ ಅವನ್ನು ತಿರುಚಿ ಬೆರೆಸುತ್ತದೆ. ಬಾಗಿದರೂ ಅಲುಗಿದರೂ ಬೆರಕೆ ಬದಲಾಗುತ್ತದೆ. ಹೆಣೆದುಕೊಂಡ ನಾಲ್ಕು ಫಿಲ್ಟರ್‌ಗಳು ಅವನ್ನು ಬೇರ್ಪಡಿಸುತ್ತವೆ. ಅವುಗಳ ಗುಣಾಂಕ ತಿದ್ದಲು ಗೊಡಾರ್ ಸೂತ್ರ ಧಾರಾಳವಾಗಿ ಬಳಕೆಯಾಯಿತು. ಆದರೆ ಪ್ರಬಲತೆಯನ್ನಷ್ಟೇ ನೋಡುವ ಸೂತ್ರಕ್ಕೆ ಯಾವ ಹೊಳೆ ಯಾರದ್ದೆಂದು ತಿಳಿಯದು. ಒಮ್ಮೊಮ್ಮೆ ಎರಡೂ ಔಟ್‌ಪುಟ್‌ಗಳು ಒಂದೇ ಹೊಳೆಗೆ ಅಂಟಿಕೊಂಡು ಇನ್ನೊಂದನ್ನು ಕಳೆದುಕೊಳ್ಳುತ್ತವೆ. ಆದ್ದರಿಂದ ಫಿಲ್ಟರ್‌ಗಳ ಮೊದಲ ಜೋಡಿ ನೆಲೆಗೊಂಡ ಮೇಲೆ, ಅದು ಕಲಿತ ಗುಣಾಂಕಗಳಿಂದಲೇ ಎರಡನೆಯ ಜೋಡಿಯನ್ನು ಬೇರೆ ಹೊಳೆಯತ್ತ ತಿರುಗಿಸಿ ಆರಂಭಿಸುವ ರೂಢಿ ಬಂದಿದೆ.