ಮುಂದೆ ಅಂದ್ರೆ ಎಲ್ಲಿಗೆ?

ಯಾವುದೇ ಆಫೀಸಿನ ಸೋಮವಾರದ ಮೀಟಿಂಗನ್ನು ಸುಮ್ಮನೆ ಕಿವಿಗೊಟ್ಟು ಕೇಳಿ. 'ಗೋಯಿಂಗ್ ಫಾರ್ವರ್ಡ್' ಹೀಗೆ ಮಾಡೋಣ ಅಂತಾರೆ ಒಬ್ಬರು. ಆ ಮಾಡ್ಯೂಲಿನಲ್ಲಿ ಒಳ್ಳೇ 'ಹೆಡ್‌ವೇ' ಆಗಿದೆ, ಟೆಸ್ಟಿಂಗ್ 'ಅಂಡರ್ ವೇ', ತಾರೀಖಿನ ವಿಷಯದಲ್ಲಿ ಕ್ಲೈಂಟ್ ಸ್ವಲ್ಪ 'ಲೀವೇ' ಕೊಟ್ಟಿದ್ದಾರೆ, ಮುಂದಿನ 'ಮೈಲ್‌ಸ್ಟೋನ್' ತಿಂಗಳ ಕೊನೆಗೆ. ಕೂತ ಕುರ್ಚಿಯಿಂದ ಯಾರೂ ಎದ್ದಿರೋದಿಲ್ಲ, ಮಾತೆಲ್ಲ ಮಾತ್ರ ಓಡಾಟದ್ದೇ.

ಈ ಪದಗಳಿಗೆ ಒಂದೊಂದು ಹಳೇ ಊರಿದೆ. ಹೆಡ್‌ವೇ, ಲೀವೇ, ಅಂಡರ್ ವೇ ಮೂರೂ ಹಾಯಿ ಹಡಗಿನ ಕಾಲದವು. ಅಲ್ಲಿ 'ವೇ' ಅಂದರೆ ಹಡಗಿನ ಚಲನೆ. ಲಂಗರು ಎತ್ತಿ ಹೊರಟ ಹಡಗು ಅಂಡರ್ ವೇ. ನೀರನ್ನು ಸೀಳಿಕೊಂಡು ಅದು ಮುಂದಕ್ಕೆ ಸಾಗಿದಷ್ಟು ಹೆಡ್‌ವೇ. ಗಾಳಿ ತಳ್ಳಿದ ಕಡೆಗೆ, ಹೋಗಬೇಕಾದ ದಾರಿ ಬಿಟ್ಟು ಪಕ್ಕಕ್ಕೆ ಸರಿದಷ್ಟು ಲೀವೇ. ನಾವು ಈಗ 'ಸ್ವಲ್ಪ ರಿಯಾಯಿತಿ' ಅನ್ನೋ ಅರ್ಥದಲ್ಲಿ ಕೇಳುವ ಲೀವೇ, ನಾವಿಕನಿಗೆ ಲೆಕ್ಕ ಹಾಕಿ ಸರಿಮಾಡಬೇಕಾದ ತಪ್ಪುದಾರಿ. ಗಮನಿಸಿ, ಅವನ ಹತ್ತಿರ ಎರಡಕ್ಕೂ ಪದ ಇತ್ತು. ಹಡಗು ಚಲಿಸ್ತಿದೆ ಅಂದಮಾತ್ರಕ್ಕೆ ಊರು ಹತ್ತಿರ ಬರ್ತಿದೆ ಅಂತ ಅವನು ನಂಬುತ್ತಿರಲಿಲ್ಲ.

ಮೈಲ್‌ಸ್ಟೋನ್ ರೋಮನ್ನರ ರಸ್ತೆಯದು. 'ಮಿಲ್ಲೆ ಪಾಸುಸ್' ಅಂದರೆ ಸಾವಿರ ಹೆಜ್ಜೆ. ಎಡ, ಬಲ ಎರಡೂ ಸೇರಿದರೆ ಒಂದು ಹೆಜ್ಜೆ ಅನ್ನೋ ಲೆಕ್ಕ. ಒಟ್ಟು ಸುಮಾರು 1,480 ಮೀಟರ್. 'ಕರಿಯರ್' ಅನ್ನೋದು ಬಂಡಿ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. 16ನೇ ಶತಮಾನದಲ್ಲಿ ಅದರ ಅರ್ಥ ಕುದುರೆ ಓಡುವ ಅಂಕಣ, ಇಲ್ಲವೇ ಕುದುರೆಯ ನಾಗಾಲೋಟ. ಮನುಷ್ಯನ ಉದ್ಯೋಗದ ಬದುಕಿಗೆ ಅದು ಅಂಟಿಕೊಂಡಿದ್ದು 19ನೇ ಶತಮಾನದ ಶುರುವಿನಲ್ಲಿ. ಇವತ್ತಿಗೂ ಇಂಗ್ಲಿಷಿನಲ್ಲಿ ಕರಿಯರ್ ಅನ್ನು ಕ್ರಿಯಾಪದವಾಗಿ ಬಳಸಿದರೆ ಲಗಾಮು ತಪ್ಪಿ ನುಗ್ಗುವುದು ಅಂತಲೇ ಅರ್ಥ. ಬ್ರೇಕ್ ಫೇಲಾದ ಲಾರಿ ಇಳಿಜಾರಿನಲ್ಲಿ ಮಾಡುವ ಕೆಲಸ ಅದು.

ಇವೆಲ್ಲದರ ಹಿರಿಯಣ್ಣ 'ಪ್ರೋಗ್ರೆಸ್'. ಲ್ಯಾಟಿನ್ನಿನಲ್ಲಿ 'ಪ್ರೋ' ಅಂದರೆ ಮುಂದಕ್ಕೆ, 'ಗ್ರಾದಿ' ಅಂದರೆ ಹೆಜ್ಜೆಯಿಡು. ಅಪ್ರೈಸಲ್ಲಿನಲ್ಲಿ ಸಿಗುವ 'ಗ್ರೇಡ್' ಕೂಡ ಇದೇ ಮನೆತನದ್ದು. ಆದರೆ ಶುರುವಿನಲ್ಲಿ ಪ್ರೋಗ್ರೆಸ್ ಅಂದರೆ ಬರೀ ಪ್ರಯಾಣ. ಒಳ್ಳೇದಾಯ್ತು ಅನ್ನೋ ಧ್ವನಿ ಅದರೊಳಗೆ ಇರಲೇಬೇಕು ಅಂತ ಇರಲಿಲ್ಲ.

ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿ ಬೇಸಿಗೆ ಬಂದರೆ ಪರಿವಾರ ಕಟ್ಟಿಕೊಂಡು ದೇಶ ಸುತ್ತೋಕೆ ಹೊರಡುತ್ತಿದ್ದಳು. ಆ ಸವಾರಿಗೆ ರಾಯಲ್ ಪ್ರೋಗ್ರೆಸ್ ಅಂತಲೇ ಹೆಸರು. 1575ರಲ್ಲಿ ಅವಳು ರಾಬರ್ಟ್ ಡಡ್ಲಿಯ ಕೆನಿಲ್‌ವರ್ತ್ ಕೋಟೆಯಲ್ಲಿ 19 ದಿನ ಬಿಡಾರ ಹೂಡಿದಳು. ಊಟ, ನಾಟಕ, ಬಾಣಬಿರುಸು ಎಲ್ಲದರ ಖರ್ಚು ಕರೆದವನ ತಲೆಗೆ. ರಾಣಿಯ ಪ್ರೋಗ್ರೆಸ್ ಆತಿಥೇಯನ ಗಂಟು ಕರಗಿಸುತ್ತಿತ್ತು.

ಜಾನ್ ಬನ್ಯನ್ ಅನ್ನೋ ಬೋಧಕ ಸರ್ಕಾರದ ಅನುಮತಿಯಿಲ್ಲದೆ ಬೋಧನೆ ಮಾಡಿದ್ದಕ್ಕೆ ಬೆಡ್‌ಫರ್ಡ್ ಜೈಲಿನಲ್ಲಿ 12 ವರ್ಷ ಕಳೆದವನು. 1678ರಲ್ಲಿ ಅಚ್ಚಾದ ಅವನ 'ಪಿಲ್ಗ್ರಿಮ್ಸ್ ಪ್ರೋಗ್ರೆಸ್'ನ ಹೆಸರಿನಲ್ಲೂ ಪ್ರೋಗ್ರೆಸ್ ಅಂದರೆ ಯಾತ್ರೆ, ಅಷ್ಟೇ. ಆಮೇಲೆ ವಿಲಿಯಂ ಹೊಗಾರ್ತ್ ಬಂದ. 1735ರಲ್ಲಿ ಈ ಚಿತ್ರಕಾರ 'ಎ ರೇಕ್ಸ್ ಪ್ರೋಗ್ರೆಸ್' ಅಂತ ಎಂಟು ಚಿತ್ರಗಳ ಅಚ್ಚು ಹೊರತಂದ. ಅಪ್ಪನ ಆಸ್ತಿ ಕೈಗೆ ಬಂದ ಹುಡುಗ ಕುಡಿತ, ಜೂಜು, ಷೋಕಿಗೆ ಬಿದ್ದು, ಸಾಲಗಾರರ ಜೈಲು ಸೇರಿ, ಎಂಟನೇ ಚಿತ್ರದ ಹೊತ್ತಿಗೆ ಹುಚ್ಚಾಸ್ಪತ್ರೆಯಲ್ಲಿ ಇರ್ತಾನೆ. ಪ್ರೋಗ್ರೆಸ್ ಅಂದರೆ ಏಳಿಗೆ ಅಂತ ಕಲಿತ ನಮಗೆ ಆ ಹೆಸರು ಬರೀ ವ್ಯಂಗ್ಯ ಅನ್ನಿಸುತ್ತೆ. ಆ ಕಾಲದ ಓದುಗನಿಗೆ ಕೆಳಮುಖದ ಪಯಣವೂ ಪ್ರೋಗ್ರೆಸ್ಸೇ.

ಪದ ಬಣ್ಣ ಬದಲಿಸಿದ್ದು ಅದೇ 18ನೇ ಶತಮಾನದಲ್ಲಿ. ಮನುಷ್ಯಕುಲ ಒಟ್ಟಾಗಿ ಒಂದೇ ದಿಕ್ಕಿಗೆ, ಅಜ್ಞಾನದಿಂದ ಅರಿವಿನ ಕಡೆಗೆ ನಡೆಯುತ್ತಿದೆ ಅನ್ನೋ ನಂಬಿಕೆ ಯೂರೋಪಿನಲ್ಲಿ ಬೇರುಬಿಟ್ಟಿತು. ಫ್ರಾನ್ಸಿನ ಕಾಂಡರ್ಸೆ ಅನ್ನೋ ಗಣಿತಜ್ಞ ಈ ನಂಬಿಕೆಯನ್ನು ಪುಸ್ತಕವಾಗಿ ಬರೆದ. ಮನುಷ್ಯನ ಇತಿಹಾಸವನ್ನು ಹತ್ತು ಯುಗಗಳಾಗಿ ಹಂಚಿ, ಹತ್ತನೆಯದು ಇನ್ನೂ ಬರಬೇಕಾದ ಒಳ್ಳೇ ಕಾಲ ಅಂದ. ಬರೆದಿದ್ದು ಮಾತ್ರ ಕ್ರಾಂತಿಕಾರಿಗಳ ಬಂಧನದ ಆಜ್ಞೆಗೆ ಹೆದರಿ ತಲೆಮರೆಸಿಕೊಂಡಿದ್ದಾಗ. 1794ರಲ್ಲಿ ಸಿಕ್ಕಿಬಿದ್ದು ಸೆರೆಮನೆಯಲ್ಲೇ ಸತ್ತ, ಪುಸ್ತಕ ಅಚ್ಚಾದದ್ದು ಮರುವರ್ಷ.

ಅಟ್ಲಾಂಟಿಕ್ ಆಚೆ, 1789ರಲ್ಲಿ, ಮುದುಕ ಬೆಂಜಮಿನ್ ಫ್ರಾಂಕ್ಲಿನ್ ನಿಘಂಟುಕಾರ ನೋವಾ ವೆಬ್‌ಸ್ಟರನಿಗೆ ಕಾಗದ ಬರೆದು ದೂರಿದ್ದ: ಜನ ಪ್ರೋಗ್ರೆಸ್ಸನ್ನು ಕ್ರಿಯಾಪದ ಮಾಡಿಕೊಂಡಿದ್ದಾರೆ, ಇದನ್ನು ತಡೆಯಿರಿ ಅಂತ. ಆಫೀಸಿನ ಭಾಷೆ ಕೇಳಿ ಮುಖ ಕಿವುಚುವವರು ಆಗಲೂ ಇದ್ದರು. ಪದ ಯಾರ ಮಾತೂ ಕೇಳಲಿಲ್ಲ, ಅದು ಬೇರೆ ವಿಷಯ.

ಈ ಹೊಸ ಅರ್ಥ ಹಡಗು ಹತ್ತಿ ನಮ್ಮ ಕಡೆಗೂ ಬಂತು, ಕಾನೂನಿನ ರೂಪದಲ್ಲಿ. ಕಂಪನಿಯ ಕೈಯಿಂದ ಆಡಳಿತ ಕಿತ್ತುಕೊಂಡ 1858ರ ಗವರ್ನಮೆಂಟ್ ಆಫ್ ಇಂಡಿಯಾ ಕಾಯ್ದೆಯಲ್ಲಿ ಒಂದು ಷರತ್ತಿದೆ: ಭಾರತದ 'ಮಾರಲ್ ಅಂಡ್ ಮೆಟೀರಿಯಲ್ ಪ್ರೋಗ್ರೆಸ್', ಅಂದರೆ ನೈತಿಕ ಮತ್ತು ಭೌತಿಕ ಪ್ರಗತಿ, ತೋರಿಸುವ ವರದಿ ವರ್ಷಾವರ್ಷ ಪಾರ್ಲಿಮೆಂಟಿನ ಮುಂದೆ ಬರಬೇಕು. ಒಂದು ಇಡೀ ದೇಶದ ಆನ್ಯುಯಲ್ ಅಪ್ರೈಸಲ್ ಅನ್ನಿ. ನೌಕರ ಭಾರತ, ಮ್ಯಾನೇಜರ್ ಬ್ರಿಟನ್. ಫಾರಂ ತುಂಬುವವನು ಮಾತ್ರ ಮ್ಯಾನೇಜರೇ.

ಆ ವರದಿ ತಪ್ಪದೆ ಬರುತ್ತಿದ್ದ ಕಾಲದಲ್ಲೇ, 1876ರಿಂದ 78ರವರೆಗೆ, ದಕ್ಷಿಣದಲ್ಲಿ ಭೀಕರ ಕ್ಷಾಮ ಬಿತ್ತು. ನಮ್ಮ ಹಿರಿಯರು ಸಂವತ್ಸರಗಳ ಹೆಸರು ಹಿಡಿದು 'ಧಾತು ಈಶ್ವರ ಬರ' ಅಂತ ನೆನೆಸಿಕೊಳ್ಳುತ್ತಿದ್ದದ್ದು ಇದನ್ನೇ. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ವರದಿಯಲ್ಲಿ ಕ್ಷಾಮದ ವಿಷಯವೂ ಇರ್ತಿತ್ತು. ಆದರೆ ರಟ್ಟಿನ ಮೇಲಿನ ಹೆಸರು ಬದಲಾಗಲಿಲ್ಲ. ಹೆಸರೇ ಪ್ರೋಗ್ರೆಸ್ ಅಂತಿರುವಾಗ, ಒಳಗೆ ಬರುವ ಸಾವು ಕೂಡ ದಾರಿಯಲ್ಲಿ ಎಡವಿದ ಒಂದು ಕಲ್ಲಿನ ಹಾಗೆ ಕಾಣುತ್ತೆ.

ಆ ವರದಿಯ ಮಾತನ್ನು ಲೆಕ್ಕ ಹಿಡಿದು ಪ್ರಶ್ನಿಸಿದವರು ದಾದಾಭಾಯಿ ನವರೋಜಿ. 1876ರಲ್ಲಿ ಮಂಡಿಸಿದ ಭಾರತದ ಬಡತನದ ಮೇಲಿನ ಪ್ರಬಂಧದಲ್ಲಿ ಅವರು ಸರ್ಕಾರದ್ದೇ ಅಂಕಿಗಳನ್ನು ಕೂಡಿ ಕಳೆದು, ಬ್ರಿಟಿಷ್ ಭಾರತದಲ್ಲಿ ಒಬ್ಬನ ವಾರ್ಷಿಕ ಆದಾಯ 20 ರೂಪಾಯಿ ಅಂತ ತೋರಿಸಿದರು. ಜೊತೆಗೆ ಜೈಲಿನಲ್ಲಿ ಒಬ್ಬ ಕೈದಿಯ ಊಟ ಬಟ್ಟೆಗೆ ಸರ್ಕಾರ ಎಷ್ಟು ಖರ್ಚು ಮಾಡುತ್ತೆ ಅನ್ನೋದನ್ನೂ ಪಕ್ಕದಲ್ಲಿಟ್ಟರು. ಹೊರಗಿನ ದುಡಿಯುವವನ ಪಾಲು ಒಳಗಿನ ಕೈದಿಯ ಖರ್ಚಿಗಿಂತ ಕಡಿಮೆ ಇತ್ತು. 1880ರಲ್ಲಿ ಬರೆದ ಇನ್ನೊಂದು ಟಿಪ್ಪಣಿಗೆ ಅವರು ಭಾರತದ ನೈತಿಕ ಬಡತನ ಅಂತ ಹೆಸರಿಟ್ಟರು. ಸರ್ಕಾರದ 'ನೈತಿಕ ಪ್ರಗತಿ'ಯ ಪಕ್ಕದಲ್ಲಿಟ್ಟು ಓದಿದರೆ ಅದರ ಏಟು ಗೊತ್ತಾಗುತ್ತೆ.

ನಮ್ಮ 'ಪ್ರಗತಿ'ಯೂ ಇದೇ ಅಚ್ಚಿನದು. ಸಂಸ್ಕೃತದ 'ಪ್ರ', ಲ್ಯಾಟಿನ್ನಿನ 'ಪ್ರೋ' ಒಂದೇ ಬೇರಿನ ಚಿಗುರು. ಆದರೆ 'ಗತಿ' ಅನ್ನೋ ಪದ ಕನ್ನಡದಲ್ಲಿ ಇನ್ನೂ ಎಲ್ಲಾ ದಿಕ್ಕಿಗೂ ತಿರುಗುತ್ತೆ. ಸದ್ಗತಿ ಇದೆ, ದುರ್ಗತಿ ಇದೆ, ಅಧೋಗತಿ ಇದೆ. ಕೆಲಸ ಹೋದವನನ್ನು ನೋಡಿ ಮನೆಯವರು 'ಮುಂದೇನು ಗತಿ?' ಅಂತಾರಲ್ಲ, ಅಲ್ಲಿ ಚಲನೆಯೂ ಇದೆ, ಭಯವೂ ಇದೆ. ಹೊಗಾರ್ತನ ಹುಡುಗನ ಕತೆಗೆ ಕನ್ನಡದಲ್ಲಿ ಹೆಸರಿಡೋದು ಸುಲಭ.

ಹಾಗಾಗಿ ಇನ್ನೊಂದು ಸಲ ಯಾರಾದರೂ 'ಗೋಯಿಂಗ್ ಫಾರ್ವರ್ಡ್' ಅಂತ ಶುರುಮಾಡಿ ರಾತ್ರಿ ಪಾಳಿ ಸೇರಿಸೋದನ್ನೋ, ಟೀಮಿನಿಂದ ಇಬ್ಬರನ್ನು ಕಳಿಸೋದನ್ನೋ ಹೇಳಿದರೆ, ನಾವಿಕನ ಹಾಗೆ ಎರಡು ಲೆಕ್ಕ ಕೇಳಿ. ಹೋಗಬೇಕಾದ ಕಡೆಗೆ ಎಷ್ಟು ಸಾಗಿದ್ವಿ, ಗಾಳಿ ತಳ್ಳಿದ ಕಡೆಗೆ ಎಷ್ಟು ಸರಿದ್ವಿ? ನವರೋಜಿಯವರ ಪ್ರಶ್ನೆಯನ್ನೂ ಸೇರಿಸಿಕೊಳ್ಳಿ: ತಲೆಗೆ ಎಷ್ಟು ಬಂತು? ಕೇಳಿದ ಮಾತ್ರಕ್ಕೆ ಉತ್ತರ ಸಿಗುತ್ತೆ ಅಂತಲ್ಲ. ನವರೋಜಿಯವರಿಗೂ ಸುಲಭವಾಗಿ ಸಿಗಲಿಲ್ಲ, ಆದರೂ ಕೇಳೋದನ್ನು ಅವರು ಬಿಡಲಿಲ್ಲ.