ದೆಹಲಿಯ ರಿಜ್‌ನಲ್ಲಿ ಬಳ್ಳಾರಿ ಜಾಲಿ

ದೆಹಲಿಯಲ್ಲಿ ನೆಲೆಸಿರುವ ನಾವು ಮುಂಜಾನೆ ತಿರುಗಾಡಲು ಹೋಗುವ ರಿಜ್ ಕಾಡಿನಲ್ಲಿ ಎಲ್ಲಿ ನೋಡಿದರೂ ಒಂದೇ ಜಾತಿಯ ಮುಳ್ಳುಮರ. ಇಲ್ಲಿಯವರು ಅದನ್ನು 'ವಿಲಾಯತಿ ಕೀಕರ್' ಎನ್ನುತ್ತಾರೆ. ಬಳ್ಳಾರಿ, ರಾಯಚೂರು ಕಡೆಯವರಿಗೆ ಇದು ಹೊಸದಲ್ಲ. ನಮ್ಮ ಬಳ್ಳಾರಿ ಜಾಲಿಯೇ ಇದು. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಇದರ ತವರು ಮೆಕ್ಸಿಕೋ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳು. ಭಾರತಕ್ಕೆ ಇದು ಬಂದದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ.

ದೆಹಲಿಗೆ ಇದು ಬಂದ ಕಥೆ ರಾಜಧಾನಿಯ ಕಥೆಯೊಂದಿಗೆ ಹೆಣೆದುಕೊಂಡಿದೆ. 1911ರ ಡಿಸೆಂಬರ್ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆ ರಾಜಧಾನಿಯನ್ನು ಕಲ್ಕತ್ತೆಯಿಂದ ಇಲ್ಲಿಗೆ ತರುವುದಾಗಿ ಸಾರಿದನು. ರೈಸಿನಾ ಗುಡ್ಡದ ಮೇಲೆ ವೈಸರಾಯ್ ಭವನ, ಅಂದರೆ ಈಗಿನ ರಾಷ್ಟ್ರಪತಿ ಭವನ, ಏಳತೊಡಗಿತು. ಅದರ ಬೆನ್ನಿಗಿದ್ದ ರಿಜ್ ಅರಾವಳಿ ಬೆಟ್ಟಸಾಲಿನ ತುದಿ. ದನಕುರಿ ಮೇದು ಬೋಳಾಗಿದ್ದ ಕಲ್ಲುನೆಲ. ಅದನ್ನು ಬೇಗ ಹಸಿರುಗೊಳಿಸಲು ಬ್ರಿಟಿಷರು ಹೆಚ್ಚು ನೀರು ಬೇಡದ, ಮೇಕೆ ಎಲೆ ಮುಟ್ಟದ ಈ ಮರವನ್ನು ಆರಿಸಿದರು. ಎಲೆಯನ್ನು ಬಿಟ್ಟ ದನಕುರಿಗಳು ಸಿಹಿಯಾದ ಕಾಯನ್ನು ಬಿಡಲಿಲ್ಲ. ಸಗಣಿ, ಹಿಕ್ಕೆಗಳೊಡನೆ ಬಿದ್ದ ಬೀಜ ಬಿದ್ದಲ್ಲೆಲ್ಲ ಮೊಳೆಯಿತು. ಕಡಿದರೆ ಬುಡದಿಂದ ಮತ್ತೆ ಚಿಗುರಿತು. ಮುತ್ತುಗ, ಬಿಳಿಜಾಲಿ, ನಮ್ಮ ದಿಂಡಿಗದ ಬಳಗದ 'ಧೌ' ಮುಂತಾದ ಅಲ್ಲಿಯ ಮರಗಳು ಹಿಂದೆ ಸರಿದವು.

ಗುರುತಿಸುವುದು ಕಷ್ಟವಲ್ಲ. ಕರಿಜಾಲಿಯ, ಅಂದರೆ ದೇಸಿ ಕೀಕರ್‌ನ, ಹೂವು ಹಳದಿ ಉಂಡೆ. ಕಾಯಿ ಮಣಿ ಪೋಣಿಸಿದ ಸರದಂತೆ ಬೀಜಬೀಜಕ್ಕೂ ಸಣ್ಣಗಾಗಿರುತ್ತದೆ. ಬಳ್ಳಾರಿ ಜಾಲಿಯ ಹೂವು ಕಂಬಳಿಹುಳುವಿನಂತೆ ನೀಳವಾದ ತೆನೆ. ಕಾಯಿ ಚಪ್ಪಟೆ, ಮಾಗಿದಾಗ ತಿಳಿಹಳದಿ.

ಈಗ ರಿಜ್‌ನ ಕೆಲವೆಡೆ ಈ ಮರವನ್ನು ಒಮ್ಮೆಲೇ ಕಡಿಯದೆ, ಕೊಂಬೆ ಸವರಿ ಬೆಳಕು ಬಿಟ್ಟು, ಅಡಿಯಲ್ಲಿ ನಾಡ ಸಸಿಗಳನ್ನು ಬೆಳೆಸುವ ಪ್ರಯತ್ನ ನಡೆದಿದೆ. ಅದು ವಿವೇಕದ ದಾರಿ. ಈ ಮರ ಬಡವರ ಒಲೆಗೆ ಸೌದೆಯನ್ನೂ ಕೊಟ್ಟಿದೆಯಲ್ಲವೇ?

ಹೊರಗಿನಿಂದ ಬಂದುದೆಲ್ಲ ಕೆಟ್ಟದ್ದೆನ್ನಲಾಗದು. ನಮ್ಮ ಸಾರಿನ ಮೆಣಸಿನಕಾಯಿ ಅಮೆರಿಕದ್ದು, ಹುಣಸೆಯ ಮೂಲ ಆಫ್ರಿಕ. ಅವು ಬಂದ ನೆಲದಲ್ಲಿ ಇತರರೊಡನೆ ಹೊಂದಿಕೊಂಡವು. ಬಳ್ಳಾರಿ ಜಾಲಿ ಪಕ್ಕದವರಿಗೆ ಜಾಗ ಬಿಡಲಿಲ್ಲ, ತಕರಾರು ಅಷ್ಟೇ. ಊರು ಬಿಟ್ಟು ಊರಿಗೆ ಬಂದ ನಾವು ಈ ವ್ಯತ್ಯಾಸವನ್ನು ಮಕ್ಕಳಿಗೆ ಮರ ತೋರಿಸುವಾಗಲೇ ಹೇಳಿಕೊಡಬಹುದು.