ಕೆಂಪಳಿಲು ಉಳಿದದ್ದು ಯಾರಿಂದ?

ಬ್ರಿಟನ್ನಿನ ಕೆಂಪಳಿಲಿನ ಬಗ್ಗೆ ಈಚೆಗೆ ಯಾರು ಬರೆದರೂ ಕಥೆ ಒಂದೇ. ಪೈನ್ ಮಾರ್ಟನ್ ಎಂಬ ಬೇಟೆಗಾರ ಪ್ರಾಣಿ ಕಾಡಿಗೆ ಮರಳಿದೆ, ಅಮೆರಿಕದಿಂದ ಬಂದ ಬೂದಳಿಲುಗಳನ್ನು ಅದೇ ಮುಗಿಸುತ್ತದೆ, ಮನುಷ್ಯ ಕೈಕಟ್ಟಿ ಕೂತರೂ ಸಾಕು. ವರ್ಷಗಟ್ಟಲೆ ಬೋನಿಟ್ಟು ಅಳಿಲು ಹಿಡಿದವರ ಕೆಲಸಕ್ಕೆ ಈ ಬರಹಗಳಲ್ಲಿ ಒಂದು ಸಾಲೂ ಸಿಗುವುದು ಕಷ್ಟ; ಸಿಕ್ಕರೂ ಅದು ಹಳೇ ಕಾಲದ ಕ್ರೌರ್ಯವೆಂಬ ಧಾಟಿಯಲ್ಲಿರುತ್ತದೆ. ಈ ಕ್ಷೇತ್ರವನ್ನು ಬಹುಕಾಲ ಒಳಗಿನಿಂದ ನೋಡಿದ ನಾನು ಇದನ್ನು ಒಪ್ಪಲಾರೆ.

ಮೊದಲ ಘಟ್ಟವನ್ನು ಬೇಗ ಹೇಳಿಬಿಡಬಹುದು. 1876ರಲ್ಲಿ ಚೆಷೈರ್‌ನ ಹೆನ್ಬರಿ ಪಾರ್ಕಿನಲ್ಲಿ ಥಾಮಸ್ ಬ್ರಾಕಲ್‌ಹರ್ಸ್ಟ್ ಎಂಬ ಸಿರಿವಂತ ಬೂದಳಿಲುಗಳನ್ನು ಬಿಟ್ಟ. ಆಮೇಲೆ ಬೆಡ್‌ಫರ್ಡ್ ಡ್ಯೂಕ್ ತನ್ನ ವೋಬರ್ನ್ ಎಸ್ಟೇಟಿನಿಂದ ಹಲವು ಕಡೆಗೆ ಹಂಚಿದ. ಆಗ ಕೆಂಪಳಿಲಿಗೂ ಮರ್ಯಾದೆ ಇರಲಿಲ್ಲ. 1903ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಹೈಲ್ಯಾಂಡ್ ಸ್ಕ್ವಿರಲ್ ಕ್ಲಬ್, ಮರಗಳಿಗೆ ಹಾನಿ ಮಾಡುತ್ತವೆಂದು ಕೆಂಪಳಿಲುಗಳನ್ನೇ ಸಾವಿರಾರು ಸಂಖ್ಯೆಯಲ್ಲಿ ಕೊಲ್ಲಿಸಿತು. 1931ರಲ್ಲಿ ಎ. ಡಿ. ಮಿಡಲ್ಟನ್ ಬೂದಳಿಲಿನ ಮೇಲೆ ಪುಸ್ತಕ ತಂದರು. 1937ರಲ್ಲಿ ಬೂದಳಿಲನ್ನು ದೇಶಕ್ಕೆ ತರುವುದಕ್ಕೂ ಸಾಕುವುದಕ್ಕೂ ನಿಷೇಧ ಬಂತು. ಅಷ್ಟರಲ್ಲಿ ತಡವಾಗಿತ್ತು. ಮೋನಿಕಾ ಶಾರ್ಟನ್ ಊರೂರಿನ ಮಾಹಿತಿ ಕೂಡಿಸಿ ಮಾಡಿದ ಸಮೀಕ್ಷೆಗಳು, 1954ರ ಅವರ ಪುಸ್ತಕ, ಇಂದಿಗೂ ನಮ್ಮ ಅಡಿಪಾಯ. ಅವರಿಗೆ ಸಲ್ಲಬೇಕಾದ ಗೌರವ ಸಂದಿಲ್ಲ.

ಐವತ್ತರ ದಶಕದಲ್ಲಿ ಸರ್ಕಾರ ಬಾಲಕ್ಕೆ ಇಷ್ಟು ಶಿಲಿಂಗ್ ಎಂದು ಇನಾಮು ಘೋಷಿಸಿತು. ಬಾಲಗಳು ರಾಶಿ ಬಿದ್ದವು, ಅಳಿಲುಗಳು ಕಡಿಮೆಯಾಗಲಿಲ್ಲ. ಇನಾಮಿಗೆ ಬೇಟೆಯಾಡುವವನು ಅಳಿಲು ಹೇರಳವಾಗಿರುವ ಕಡೆ ಹೋಗುತ್ತಾನೆ. ಒಂದು ತೋಪಿನಲ್ಲಿ ಕೊನೆಗೆ ಉಳಿದ ನಾಲ್ಕನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ. 1973ರಲ್ಲಿ ವಾರ್ಫರಿನ್ ವಿಷಕ್ಕೆ ಅನುಮತಿ ಸಿಕ್ಕಿತು. ಅದರ ಗುರಿಯೂ ಮರಮಟ್ಟು ಉಳಿಸುವುದೇ. ಬೇಸಿಗೆಯ ಮೊದಲಲ್ಲಿ ಬೂದಳಿಲು ಎಳೆಯ ಬೀಚ್, ಓಕ್, ಸಿಕಮೋರ್ ಮರಗಳ ತೊಗಟೆ ಸುಲಿಯುತ್ತದೆ, ಮರ ಹಾಳಾಗುತ್ತದೆ. ದಶಕಗಳ ಕಾಲ ಈ ಕೆಲಸಕ್ಕೆ ಹಣ ಬಂದದ್ದು ತೊಗಟೆಯ ಹೆಸರಿನಲ್ಲಿ, ಕೆಂಪಳಿಲಿನ ಹೆಸರಿನಲ್ಲಲ್ಲ.

ಕೆಂಪಳಿಲು ಸೋಲುವುದು ಯಾಕೆ ಎಂಬುದನ್ನು ಬಿಡಿಸಿದ್ದು ನಮ್ಮ ತಲೆಮಾರು. ಎರಡೂ ಕಾದಾಡುವುದಿಲ್ಲ. ಕೆಂಪಳಿಲು ಸುಮಾರು 300 ಗ್ರಾಂ ತೂಗುತ್ತದೆ, ಬೂದಳಿಲು ಅದರ ಹೆಚ್ಚುಕಡಿಮೆ ಎರಡರಷ್ಟು. ಓಕ್ ಬೀಜವನ್ನು ಬೂದಳಿಲು ಅರಗಿಸಿಕೊಂಡಷ್ಟು ಚೆನ್ನಾಗಿ ಕೆಂಪಳಿಲು ಅರಗಿಸಿಕೊಳ್ಳಲಾರದು ಎಂದು ರಾಬರ್ಟ್ ಕೆನ್ವರ್ಡ್ ಮತ್ತು ಜೆಸಿಕಾ ಹೋಮ್ 1993ರಲ್ಲಿ ತೋರಿಸಿದರು. ಜಾನ್ ಗರ್ನೆಲ್, ಲುಕ್ ವಾಟರ್ಸ್, ಪೀಟರ್ ಲರ್ಟ್ಸ್ ಮತ್ತು ಜೊತೆಗಾರರು, ಬೂದಳಿಲು ಇರುವ ಕಾಡಿನಲ್ಲಿ ಕೆಂಪಳಿಲಿನ ಮರಿಗಳು ನೆಲೆ ನಿಲ್ಲುವುದು ಕಡಿಮೆಯಾಗುತ್ತದೆಂದು ಕಂಡರು. ಅವಸಾನ ಸದ್ದಿಲ್ಲದೆ ನಡೆಯುವುದು ಹೀಗೆ.

ಆದರೆ ಲೆಕ್ಕ ಪೂರ್ತಿ ಬದಲಾಯಿಸಿದ್ದು ಸಿಡುಬಿನಂಥ ಸ್ಕ್ವಿರಲ್‌ಪಾಕ್ಸ್ ವೈರಸ್. 1981ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಂಡ ಇದು ಬೂದಳಿಲಿಗೆ ಏನೂ ಮಾಡುವುದಿಲ್ಲ. ಕೆಂಪಳಿಲಿಗೆ ಕಣ್ಣು, ಬಾಯಿ, ಪಾದದ ಸುತ್ತ ಹುಣ್ಣೇಳುತ್ತದೆ, ತಿನ್ನಲಾಗದೆ ಎರಡು ವಾರದೊಳಗೆ ಸಾಯುತ್ತದೆ. ವೈರಸ್ ಇರುವ ಕಡೆ ಕೆಂಪಳಿಲು ಜಾಗ ಬಿಡುವ ವೇಗ 17ರಿಂದ 25 ಪಟ್ಟು ಹೆಚ್ಚು ಎಂದು ಸ್ಟೀವ್ ರಷ್ಟನ್ ತಂಡ 2006ರಲ್ಲಿ ಲೆಕ್ಕ ಹಾಕಿತು. ಆಮೇಲೆ ಬೋನಿನ ಕೆಲಸದ ಅರ್ಥವೇ ಬೇರೆಯಾಯಿತು: ಬೂದಳಿಲಿನ ಸಂಖ್ಯೆ ತಗ್ಗಿಸಿದರೆ ರೋಗದ ಕೊಂಡಿಯೂ ಕಡಿಯುತ್ತದೆ.

ಇದಕ್ಕೆ ಸಾಕ್ಷಿ ವೇಲ್ಸ್‌ನ ಆಂಗ್ಲ್‌ಸೀ ದ್ವೀಪ. ವಿಸ್ತಾರ ಸುಮಾರು 700 ಚದರ ಕಿಲೋಮೀಟರ್. ನಾಡಿಗೆ ಅಂಟಿಸಿರುವುದು ಮೆನಾಯ್ ಜಲಸಂಧಿಯ ಮೇಲಿನ ಎರಡು ಸೇತುವೆಗಳು. 1998ರಲ್ಲಿ ಎಸ್ಮೆ ಕರ್ಬಿ ಎಂಬ ಇಳಿವಯಸ್ಸಿನ ಹೋರಾಟಗಾರ್ತಿಯ ಒತ್ತಾಯದಿಂದ ಕೆಲಸ ಶುರುವಾದಾಗ ಅಲ್ಲಿದ್ದ ಕೆಂಪಳಿಲುಗಳು ಸುಮಾರು ನಲವತ್ತು. ಕ್ರೇಗ್ ಶಟಲ್‌ವರ್ತ್ ಮುಂದೆ ನಿಂತು ನಡೆಸಿದ ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ತಂತಿಬೋನಿನಲ್ಲಿ ಮೆಕ್ಕೆಜೋಳ, ಹೇಜಲ್‌ಕಾಯಿ ಇಡುವುದು, ಮಳೆಯಿರಲಿ ಚಳಿಯಿರಲಿ ದಿನವೂ ಹೋಗಿ ನೋಡುವುದು, ಕೆಂಪಳಿಲು ಸಿಕ್ಕರೆ ಅಲ್ಲೇ ಬಿಡುವುದು. ಬೋನು ಖಾಲಿ ಬರತೊಡಗಿದ ಮೇಲೆ ಕೊಳವೆಯೊಳಗೆ ಅಂಟುಪಟ್ಟಿ ಅಂಟಿಸಿ ರೋಮ ಹಿಡಿಯುತ್ತಾರೆ. ಕೆಂಪಳಿಲಿನ ರೋಮದ ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತದೆ. ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಲ್ಲಿ ಅದು ಗೆರೆಯಾಗಿ ಕಾಣುತ್ತದೆ. ಬೂದಳಿಲಿನ ರೋಮದಲ್ಲಿ ಆ ಗೆರೆ ಇಲ್ಲ. ಎಲ್ಲೋ ಅವಿತಿರುವ ಕೊನೆಯ ಕೆಲವು ಪ್ರಾಣಿಗಳ ಸುಳಿವು ಸಿಗುವುದು ಇಂಥ ತಾಳ್ಮೆಗೆ ಮಾತ್ರ. ಬೂದಳಿಲು ಇಳಿದಂತೆ, ವೈರಸ್ ತಗಲಿದ ಗುರುತು ಹೊತ್ತ ಬೂದಳಿಲುಗಳ ಪ್ರಮಾಣವೂ ಇಳಿಯಿತು. 2004ರಿಂದ ನ್ಯೂಬರೋ ಕಾಡಿಗೆ ಕೆಂಪಳಿಲುಗಳನ್ನು ಮರಳಿ ತಂದು ಬಿಟ್ಟರು. 2015ರಲ್ಲಿ ದ್ವೀಪವನ್ನು ಬೂದಳಿಲುಮುಕ್ತ ಎಂದು ಘೋಷಿಸಿದಾಗ ಕೆಂಪಳಿಲುಗಳು ಸುಮಾರು 700 ಇದ್ದವು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ದೊಡ್ಡ ಸಾಧನೆ ಇದೇ.

ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಟಲಿ ಇದೆ. 1948ರಲ್ಲಿ ಟುರಿನ್ ಹತ್ತಿರದ ಸ್ಟುಪಿನಿಜಿಯಲ್ಲಿ ಬಿಟ್ಟದ್ದು ಎರಡೇ ಜೋಡಿ ಬೂದಳಿಲು. 1997ರಲ್ಲಿ ರಕ್ಕೊನಿಜಿಯಲ್ಲಿ ನಿರ್ಮೂಲನದ ಪ್ರಯೋಗ ಶುರುವಾದ ಕೂಡಲೇ ಪ್ರಾಣಿಹಕ್ಕು ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು, ಕೆಲಸ ನಿಂತಿತು. 2000ದಲ್ಲಿ ವಿಜ್ಞಾನಿಗಳು ನಿರ್ದೋಷಿಗಳೆಂದು ತೀರ್ಪು ಬರುವಷ್ಟರಲ್ಲಿ ಅಳಿಲುಗಳು ಕೈಮೀರಿ ಹಬ್ಬಿದ್ದವು. ಕೊಲ್ಲಲು ಒಪ್ಪದವರ ನೋವು ನಿಜವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೊದಲೇ ಕೆಲವನ್ನು ತೆಗೆಯಲು ಬಿಡದೆ ಹೋದದ್ದರಿಂದ, ಆಮೇಲೆ ಕೊಲ್ಲಬೇಕಾದ ಬೂದಳಿಲುಗಳೂ ಹೆಚ್ಚಿದವು, ಅಳಿಯುವ ಕೆಂಪಳಿಲುಗಳೂ ಹೆಚ್ಚಿದವು.

ಇನ್ನು ಮಾರ್ಟನ್. ಕೊಡಗಿನ ಕಾಡುಗಳಲ್ಲಿ ಅಪರೂಪಕ್ಕೆ ಕಾಣುವ ನೀಲಗಿರಿ ಮಾರ್ಟನ್ನಿನ ನೆಂಟ ಇದು. ಎಮ್ಮಾ ಶೀಹಿ ಮತ್ತು ಕಾಲಿನ್ ಲಾಟನ್ ಅವರ 2014ರ ಐರ್ಲೆಂಡ್ ಅಧ್ಯಯನ ಅಚ್ಚರಿಯದ್ದು: ಮಾರ್ಟನ್ ಹೆಚ್ಚಿದ ನಡುನಾಡಿನಲ್ಲಿ ಬೂದಳಿಲು ಕುಸಿದು ಕೆಂಪಳಿಲು ಮರಳಿತ್ತು. 2018ರಲ್ಲಿ ಸ್ಕಾಟ್ಲೆಂಡಿನಲ್ಲೂ ಇದೇ ದಿಕ್ಕಿನ ಫಲಿತಾಂಶ ಬಂತು. ಇದು ಒಳ್ಳೆಯ ವಿಜ್ಞಾನ, ನನ್ನ ತಕರಾರು ಅದನ್ನು ಹಿಗ್ಗಿಸುವವರ ಮೇಲೆ. ಮಾರ್ಟನ್ ಊರು ಪಟ್ಟಣಗಳ ಹತ್ತಿರ ಸುಳಿಯುವುದಿಲ್ಲ. ಅಲ್ಲಿನ ಉದ್ಯಾನಗಳಲ್ಲಿ ಬೂದಳಿಲು ಹಾಯಾಗಿರುತ್ತದೆ ಎಂದು ಉತ್ತರ ಐರ್ಲೆಂಡಿನ ಅಧ್ಯಯನಗಳೇ ಹೇಳಿವೆ. ಮಾರ್ಟನ್ ನೆಲೆ ನಿಂತು ಹೆಚ್ಚಲು ವರ್ಷಗಳು ಬೇಕು, ವೈರಸ್ಸಿಗೆ ವಾರಗಳು ಸಾಕು. ಆಂಗ್ಲ್‌ಸೀಗೆ ಎದುರಿರುವ ಗ್ವಿನೆದ್ ಕಾಡುಗಳಲ್ಲಿ 2020-21ರಲ್ಲಿ ಸ್ಕ್ವಿರಲ್‌ಪಾಕ್ಸ್ ಬಂದು ಅಲ್ಲಿನ ಕೆಂಪಳಿಲುಗಳ ಬಹುಪಾಲನ್ನು ಕೊಂದಿತು. ಆಹಾರದಲ್ಲಿ ಗರ್ಭನಿರೋಧಕ ಕೊಡುವ ಸಂಶೋಧನೆಯೂ ನಡೆದಿದೆ, ಬೂದಳಿಲು ಮಾತ್ರ ತೆರೆಯಬಲ್ಲ ತೂಕದ ಬಾಗಿಲಿನ ಪೆಟ್ಟಿಗೆಗಳ ಸಮೇತ. ಅದರ ಮೇಲೆ ನನಗೆ ಭರವಸೆ ಇದೆ.

ನಮ್ಮ ಪ್ರಬಂಧಗಳಲ್ಲಿ ತೀರಾ ಕಡಿಮೆ ಸಿಗುವುದು ಬೂದಳಿಲು ಶೂನ್ಯಕ್ಕೆ ಬಂದ ನಂತರದ ವರ್ಷಗಳ ಅಧ್ಯಯನ. ಹಿಡಿದ ಅಳಿಲುಗಳ ಲೆಕ್ಕ ಎಲ್ಲ ಕಡೆ ಇದೆ. ಸೇತುವೆ ದಾಟಿ ಬರುವ ಒಂದು ಅಳಿಲಿಗಾಗಿ ಸ್ವಯಂಸೇವಕರು ಕಾಯುವ ಗಂಟೆಗಳ ಲೆಕ್ಕ ಅಪರೂಪ. ಅನುದಾನ ಬರುವುದು ಮೂರೋ ಐದೋ ವರ್ಷದ ಯೋಜನೆಗಳಾಗಿ, ಕಾವಲಿಗೆ ಅಂಥ ಅವಧಿ ಇಲ್ಲ. ಆ ಗಂಟೆಗಳನ್ನು ಅಳೆದು, ಬೆಲೆ ಕಟ್ಟಿ, ಮಾರ್ಟನ್ ಬಿಡುವ ಖರ್ಚಿನ ಪಕ್ಕದಲ್ಲಿ ಇಡುವ ಒಂದು ಅಧ್ಯಯನಕ್ಕೆ ಹಣ ಕೊಡುವವರು ಬೇಕಾಗಿದ್ದಾರೆ.